ರೋಬಾಟ್ ಓಡಿತು, ಸರಿ. ರಿಪೋರ್ಟ್‌ನಲ್ಲಿ ಏನು ಬರೀತೀರಿ?

ವಿಡಿಯೋ ನೋಡೋಕೆ ಟೈಮ್ ಸಿಗಲ್ಲ, ಮೆಟ್ರೋದಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಹಾಕಿದ್ದೀನಿ. ಲೆಕ್ಕಗಳನ್ನ ಮಾತ್ರ ವಿಡಿಯೋಗಿಂತ ಬಿಡಿಸಿ ಬರೆದಿದ್ದೀನಿ.

ಪುಣೆ, ಹೈದರಾಬಾದ್, ಡಲ್ಲಾಸ್, ಮ್ಯೂನಿಕ್, ನೀವು ಎಲ್ಲೇ ಇರಿ. ಐಟಿಯಲ್ಲಿದ್ದೀರಿ ಅಂತ ನೆಂಟರಿಗೆ ಗೊತ್ತಿದ್ದರೆ ಸಾಕು, ಏಪ್ರಿಲ್-ಮೇ ಹೊತ್ತಿಗೆ ಊರಿಂದ ಒಂದು ಮೆಸೇಜ್ ಬಂದೇ ಬರುತ್ತೆ. ಚಿಕ್ಕಪ್ಪನ ಮಗ "ಅಣ್ಣಾ" ಅಂತಲೋ, ಅಕ್ಕನ ಮಗಳು "ಮಾಮಾ" ಅಂತಲೋ ಶುರು ಮಾಡ್ತಾರೆ. ರೋಬಾಟಿಕ್ಸ್ ಪ್ರಾಜೆಕ್ಟ್ ಮುಗಿದಿದೆ, ರಿಪೋರ್ಟ್ ಒಂದ್ಸಲ ನೋಡಿಕೊಡಬೇಕು, ಸಬ್ಮಿಷನ್ ನಾಳಿದ್ದು. ಜೊತೆಗೆ 70 ಪುಟದ ಒಂದು ಫೈಲ್. ನೀವೂ ಆಫೀಸ್ ಕೆಲಸದ ನಡುವೆ ಸ್ಪೆಲಿಂಗ್ ತಿದ್ದಿ, ಮಾರ್ಜಿನ್ ಸರಿ ಮಾಡಿ, "ಚೆನ್ನಾಗಿದೆ ಕಣೋ" ಅಂತ ವಾಪಸ್ ಕಳಿಸ್ತೀರಿ.

ಇವತ್ತು ಹೇಳೋದು ಅದರ ಬಗ್ಗೆನೇ. ಆ ಫೈಲ್ ಬಂದಾಗ ಏನು ನೋಡಬೇಕು, ಬರೆಯೋ ಮಕ್ಕಳಿಗೆ ಏನು ಹೇಳಬೇಕು. ನನ್ನ ಮಾತು ಒಂದೇ ಸಾಲಿನದು: ರೋಬಾಟ್ ಪಕ್ಕದಲ್ಲಿ ನಿಂತಿರದೇ ಇದ್ದ ಒಬ್ಬ ಮನುಷ್ಯ ಓದಿ, ಅದು ಎಲ್ಲಿ ನಡೆಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ತಿಳ್ಕೊಳ್ಳೋ ಹಾಗಿದ್ದರೆ ಅದು ರಿಪೋರ್ಟ್. ಇಲ್ಲದಿದ್ದರೆ ಬೈಂಡಿಂಗ್ ಮಾಡಿಸಿದ ಕಾಗದ.

ಎಲ್ಲಿಯ ಸಿಲ್ಲೋಡ್, ಎಲ್ಲಿಯ ರೋಬಾಟ್

ನಾನು ರಾಯಚೂರು ಕಡೆಯವನು. ಕೆಲಸ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ. 2023ರಲ್ಲಿ ಹೆಸರು ಬದಲಾಗೋ ತನಕ ಇದು ಔರಂಗಾಬಾದ್. ಕಾರ್ಖಾನೆಗಳಿಗೆ ಆಟೋಮೇಷನ್ ಮಾಡಿಕೊಡೋದು ನನ್ನ ಹೊಟ್ಟೆಪಾಡು. ಇಲ್ಲಿಂದ ಅಜಂತಾ ಗುಹೆಗೆ ಹೋಗೋ ದಾರಿಯಲ್ಲಿ, ಅರವತ್ತು ಕಿಲೋಮೀಟರ್ ದಾಟಿದ ಮೇಲೆ, ಸಿಲ್ಲೋಡ್ ಅಂತ ತಾಲ್ಲೂಕು ಊರು ಸಿಗುತ್ತೆ. ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿ. ಎರೆಮಣ್ಣು. 1956ರ ತನಕ ನಮ್ಮ ರಾಯಚೂರೂ ಈ ಊರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹೊಲ ನೋಡಿದರೆ ಈಗಲೂ ಬೇರೆ ರಾಜ್ಯ ಅನ್ಸಲ್ಲ.

ಸಿಲ್ಲೋಡ್ ಸುತ್ತಮುತ್ತಲ ಹಳ್ಳಿಗಳಿಂದ ಸಂಭಾಜಿನಗರಕ್ಕೆ ಎಂಜಿನಿಯರಿಂಗ್ ಓದೋಕೆ ಬರೋ ಹುಡುಗರು ತುಂಬಾ. ಪರಿಚಯದವರ ಮೂಲಕ ಅವರ ಪ್ರಾಜೆಕ್ಟ್ ರಿಪೋರ್ಟ್‌ಗಳು ನನ್ನ ಹತ್ತಿರ ಬರುತ್ತವೆ. ಅದರಲ್ಲಿ ಒಂದು ಗುಂಪಿನದು ಹತ್ತಿ ಸಾಲುಗಳ ನಡುವೆ ಓಡಾಡಿ ಔಷಧಿ ಸಿಂಪಡಿಸೋ ಚಿಕ್ಕ ರೋಬಾಟ್. ನಮ್ಮ ಕಡೆ "ಎಣ್ಣೆ ಹೊಡೆಯೋದು" ಅಂತೀವಲ್ಲ, ಅದೇ.

ಈ ವಿಷಯ ಅವರು ಸುಮ್ಮನೆ ಆರಿಸಿಕೊಂಡದ್ದಲ್ಲ. 2017ರ ಮಳೆಗಾಲದಲ್ಲಿ ಇದೇ ರಾಜ್ಯದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುವಾಗ ವಿಷ ಮೈಗೇರಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಬೆನ್ನಿಗೆ ಪಂಪ್ ಕಟ್ಟಿಕೊಂಡು, ಎದೆಮಟ್ಟ ಬೆಳೆದ ಗಿಡಗಳ ನಡುವೆ ಹೋಗೋದನ್ನ ತಪ್ಪಿಸಬೇಕು ಅನ್ನೋದು ಆ ಹುಡುಗರ ಮನಸ್ಸಲ್ಲಿತ್ತು. ಅಂಥ ಯಂತ್ರದ ರಿಪೋರ್ಟ್‌ನಲ್ಲಿ "ಯಶಸ್ವಿಯಾಗಿ ಪರೀಕ್ಷಿಸಲಾಗಿದೆ" ಅಂತ ಒಂದು ಸಾಲು ಬರೆದುಬಿಟ್ಟರೆ, ಯಾರಾದರೂ ನಂಬಿ ಹೊಲಕ್ಕೆ ಇಳಿಸಿದರೆ? ಅದಕ್ಕೇ ನಾನು ಈ ವಿಷಯವನ್ನ ಬರೀ ಮಾರ್ಕ್ಸ್ ವಿಷಯ ಅಂತ ನೋಡಲ್ಲ.

ಓದೋರು ಯಾರು?

ಕೇಳಿದರೆ ಮಕ್ಕಳು "ಗೈಡ್ ಓದ್ತಾರೆ, ಎಕ್ಸ್‌ಟರ್ನಲ್ ಓದ್ತಾರೆ" ಅಂತಾರೆ. ನಿಜ. ಆದರೆ ಇನ್ನೂ ಇಬ್ಬರಿದ್ದಾರೆ.

ಒಬ್ಬರು ಮುಂದಿನ ವರ್ಷದ ಬ್ಯಾಚ್. ಲ್ಯಾಬಿನ ಬೀರುವಿನಲ್ಲಿ ಧೂಳು ಹಿಡಿದ ರೋಬಾಟ್ ಇರುತ್ತೆ, ಪಕ್ಕದಲ್ಲಿ ರಿಪೋರ್ಟ್ ಇರುತ್ತೆ. ರಿಪೋರ್ಟ್ ಓದಿ ಅದನ್ನ ಮತ್ತೆ ಓಡಿಸೋಕೆ ಆಗುತ್ತಾ? ಬಹಳ ಸಲ ಆಗಲ್ಲ. ಯಾವ ಪಿನ್‌ಗೆ ಯಾವ ವೈರ್ ಅಂತ ಇರಲ್ಲ, ಕೊನೆಗೆ ಓಡಿದ ಕೋಡ್ ಯಾವುದು ಅಂತ ಗೊತ್ತಾಗಲ್ಲ. ಹಾಗಾಗಿ ಹೊಸ ಬ್ಯಾಚ್ ಮತ್ತೆ ಮೊದಲಿಂದ ಶುರು ಮಾಡುತ್ತೆ. ಪ್ರತಿ ವರ್ಷ ಅದೇ ರೋಬಾಟ್, ಅದೇ ತೊಂದರೆ.

ಇನ್ನೊಬ್ಬರು ಕೆಲಸಕ್ಕೆ ಸಂದರ್ಶನ ಮಾಡೋರು. ನಾನು ಹುಡುಗರನ್ನ ಇಂಟರ್‌ವ್ಯೂ ಮಾಡುವಾಗ ರಿಪೋರ್ಟ್‌ನಲ್ಲಿ ಮೊದಲು ತೆಗೆಯೋದು ಫಲಿತಾಂಶದ ಪುಟ. ಅಲ್ಲಿ ಫೋಟೋ ಮಾತ್ರ ಇದ್ದರೆ ಮಾತು ಮುಂದಕ್ಕೆ ಹೋಗಲ್ಲ. ಒಂದು ಟೇಬಲ್ ಇದ್ದರೆ ಅರ್ಧ ಗಂಟೆ ಮಾತಾಡಬಹುದು.

ಇದು ನನ್ನ ಸ್ವಂತ ಹಠ ಅಂದ್ಕೋಬೇಡಿ. ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಡೋ ಎನ್‌ಬಿಎ, ಪದವೀಧರರಿಗೆ ಬರಬೇಕಾದ ಕೌಶಲಗಳ ಪಟ್ಟಿಯಲ್ಲಿ ಸಂವಹನವನ್ನ ಪ್ರತ್ಯೇಕವಾಗಿ ಹೆಸರಿಸುತ್ತೆ. ಅರ್ಥವಾಗೋ ಹಾಗೆ ರಿಪೋರ್ಟ್ ಬರೆಯೋದು ಅದರಲ್ಲೇ ಸೇರಿದೆ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆದದ್ದು ಇದೇ ಎನ್‌ಬಿಎ ಮೂಲಕ. ಹೊರದೇಶಕ್ಕೆ ಹೋದ ನಮ್ಮಲ್ಲಿ ಕೆಲವರಿಗೆ ಪದವಿ ಮಾನ್ಯತೆಯ ಕಾಗದಪತ್ರ ಮಾಡಿಸುವಾಗ ಈ ಹೆಸರು ಕಣ್ಣಿಗೆ ಬಿದ್ದಿರಬಹುದು.

ಫಲಿತಾಂಶದಿಂದ ಶುರು ಮಾಡಿ

ಸಾಮಾನ್ಯ ರಿಪೋರ್ಟ್ ಹೇಗಿರುತ್ತೆ ಹೇಳ್ತೀನಿ, ನಿಮಗೂ ಪರಿಚಯ ಇರುತ್ತೆ. ಸರ್ಟಿಫಿಕೇಟ್, ಡಿಕ್ಲರೇಷನ್, ವಂದನೆ. ಆಮೇಲೆ "ರೋಬಾಟ್ ಅನ್ನೋ ಪದ 1920ರ ಚೆಕ್ ನಾಟಕದಿಂದ ಬಂತು" ಅಂತ ಶುರುವಾಗಿ ಹತ್ತು-ಹದಿನೈದು ಪುಟ ಇತಿಹಾಸ. ಆಮೇಲೆ ಆರ್ಡುಯಿನೊ ಬೋರ್ಡ್ ಅಂದರೇನು ಅಂತ ಡೇಟಾಶೀಟಿಂದ ಎತ್ತಿದ ಪುಟಗಳು. ಕೊನೆಗೆ ಇಪ್ಪತ್ತು ಪುಟ ಕೋಡ್. ಇದರ ಮಧ್ಯೆ ಎಲ್ಲೋ ಒಂದು ಪುಟದಲ್ಲಿ ಫಲಿತಾಂಶ, ಅದರಲ್ಲಿ ಮುಕ್ಕಾಲು ಪಾಲು ಫೋಟೋ.

ಅಂದ್ರೆ ಜಗತ್ತಿನಲ್ಲಿ ಬೇರೆ ಎಲ್ಲಾದರೂ ಸಿಗೋ ವಿಷಯಕ್ಕೆ 60 ಪುಟ, ಈ ನಾಲ್ಕು ಹುಡುಗರಿಗೆ ಮಾತ್ರ ಗೊತ್ತಿರೋ ವಿಷಯಕ್ಕೆ ಒಂದು ಪುಟ.

ನಾನು ಹೇಳೋದು, ಬರೆಯೋ ಕ್ರಮ ತಿರುಗಿಸಿ. ಕಾಲೇಜು ಕೊಟ್ಟ ಫಾರ್ಮ್ಯಾಟ್ ಬದಲಿಸೋದು ಬೇಡ, ಅಧ್ಯಾಯಗಳು ಅದೇ ಕ್ರಮದಲ್ಲಿರಲಿ. ಆದರೆ ಬರೆಯುವಾಗ ಮೊದಲು ಫಲಿತಾಂಶದ ಅಧ್ಯಾಯ ಬರೀರಿ. ಆಮೇಲೆ ಆ ಫಲಿತಾಂಶ ಅರ್ಥ ಆಗೋಕೆ ಏನು ಬೇಕೋ ಅಷ್ಟೇ ವಿನ್ಯಾಸ ಬರೀರಿ. ಪೀಠಿಕೆ, ಸಾರಾಂಶ ಎಲ್ಲಾ ಕೊನೆಗೆ. ಹೀಗೆ ಮಾಡಿದಾಗ ಇತಿಹಾಸದ ಹದಿನೈದು ಪುಟ ತಾನಾಗೇ ಎರಡು ಪ್ಯಾರಾಗೆ ಇಳಿಯುತ್ತೆ.

ಸಿಂಪಡಿಸೋ ರೋಬಾಟನ್ನೇ ತಗೊಳ್ಳಿ. "ರೋಬಾಟನ್ನು ಯಶಸ್ವಿಯಾಗಿ ಪರೀಕ್ಷಿಸಲಾಗಿದೆ" ಅನ್ನೋ ಸಾಲಿನ ಜಾಗದಲ್ಲಿ ಹೀಗಿರಬೇಕು. ಅಂಕಿಗಳು ಮಾದರಿಗೆ ಅಂತ ನಾನೇ ಹಾಕಿದ್ದು:

"ಕಾಲೇಜ್ ಕಾರಿಡಾರಿನ ಟೈಲ್ಸ್ ಮೇಲೆ, ಟ್ಯಾಂಕಿನಲ್ಲಿ 3 ಲೀಟರ್ ನೀರಿಟ್ಟು, 10 ಮೀಟರ್ ದಾರಿಯಲ್ಲಿ 10 ಸಲ ಓಡಿಸಿದೆವು. 9 ಸಲ ಪೂರ್ತಿ ಮುಗಿಸಿತು. ಒಣಗಿದ ಎರೆಹೊಲದಲ್ಲಿ ಅಷ್ಟೇ ದೂರ 10 ಸಲ ಓಡಿಸಿದೆವು. 4 ಸಲ ಮುಗಿಸಿತು. ಉಳಿದ 6ರಲ್ಲಿ 5 ಸಲ ಮುಂದಿನ ಚಕ್ರ ಬಿರುಕಿನಲ್ಲಿ ಸಿಕ್ಕಿಕೊಂಡಿತು, 1 ಸಲ ಮೋಟರ್ ವೈರ್ ಕಳಚಿತು. ಮಳೆಯಾದ ಹೊಲದಲ್ಲಿ ಪರೀಕ್ಷಿಸಿಲ್ಲ. ಎಲ್ಲ ಪರೀಕ್ಷೆಯೂ ಬರೀ ನೀರಿನಿಂದ; ಕೀಟನಾಶಕ ಬಳಸಿಲ್ಲ."

ಇದರಲ್ಲಿ ಏನೇನಿದೆ ನೋಡಿ. ಎಲ್ಲಿ, ಎಷ್ಟು ಸಲ, ಎಷ್ಟು ಭಾರ ಹೊತ್ತು, ಗೆದ್ದದ್ದೆಷ್ಟು, ಸೋತದ್ದು ಯಾಕೆ, ಯಾವುದನ್ನ ಪರೀಕ್ಷೆ ಮಾಡೇ ಇಲ್ಲ. ಎರೆಮಣ್ಣಿನ ಹೊಲ ಕಂಡವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಆ ಜೇಡಿಮಣ್ಣು ನೆನೆದಾಗ ಹಿಗ್ಗುತ್ತೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತೆ. ಒದ್ದೆಯಾದರೆ ಚಪ್ಪಲಿಗೆ ಮೆತ್ತಿಕೊಂಡು ಕಾಲು ಭಾರ ಆಗುತ್ತೆ. ಟೈಲ್ಸ್ ಮೇಲೆ ಓಡಿದ ಚಿಕ್ಕ ಪ್ಲಾಸ್ಟಿಕ್ ಚಕ್ರ ಅಲ್ಲಿ ಏನಾಗುತ್ತೆ ಅಂತ ಹೇಳದ ರಿಪೋರ್ಟ್, ಹತ್ತಿ ಹೊಲದ ರೋಬಾಟ್ ರಿಪೋರ್ಟ್ ಹೇಗಾಗುತ್ತೆ?

ಅಂಕಿ ಬರೆಯುವಾಗ ಮೂರು ಮಾತು

ಮೊದಲನೇದು, ಎಷ್ಟು ಸಲ ಅನ್ನೋದು. "100% ಯಶಸ್ಸು" ಅಂತ ಬರೆದಿರ್ತಾರೆ, ಕೇಳಿದರೆ ಐದು ಸಲ ಓಡಿಸಿರ್ತಾರೆ. ಹತ್ತರಲ್ಲಿ ಮೂರು ಸಲ ಸೋಲೋ ರೋಬಾಟ್ ಇದೆ ಅಂತಿಟ್ಕೊಳ್ಳಿ. ಅದು ಸತತ ಐದು ಸಲ ಗೆಲ್ಲೋ ಸಾಧ್ಯತೆ 0.7ನ್ನ ಐದು ಸಲ ಗುಣಿಸಿದಷ್ಟು, ಅಂದ್ರೆ ಸುಮಾರು 17%. ಅಂಥ ರೋಬಾಟ್ ಮಾಡಿದ ಆರು ತಂಡಗಳಲ್ಲಿ ಒಂದು ತಂಡ "100%" ಅಂತ ಬರ್ಕೊಳ್ಳುತ್ತೆ! ಒಂದೂ ಸೋಲಿಲ್ಲದೆ 30 ಸಲ ಓಡಿದರೆ, ನಿಜವಾದ ಸೋಲಿನ ಪ್ರಮಾಣ 10%ಗಿಂತ ಕಡಿಮೆ ಅಂತ 95% ಭರವಸೆಯಿಂದ ಹೇಳಬಹುದು. ಐದೇ ಸಲ ಓಡಿಸೋಕೆ ಸಾಧ್ಯವಾಗಿದ್ದರೆ "5ರಲ್ಲಿ 5" ಅಂತ ಬರೀಲಿ, ಶೇಕಡಾ ಲೆಕ್ಕ ಬೇಡ. ಓದೋರಿಗೆ ತಾವೇ ತೂಗಿ ನೋಡೋಕೆ ಆಗುತ್ತೆ.

ಎರಡನೇದು, ನಿಖರತೆ. ಕಿಟ್ ಜೊತೆ ಬರೋ ಹಳದಿ ಗೇರ್ ಮೋಟರ್‌ಗೆ ಹಾಕೋ ಚಕ್ರ ಸಾಮಾನ್ಯವಾಗಿ 65 ಮಿ.ಮೀ. ವ್ಯಾಸದ್ದು. ಒಂದು ಸುತ್ತಿಗೆ ಸುಮಾರು 204 ಮಿ.ಮೀ. ದೂರ. ಅದಕ್ಕೆ ಹಾಕೋ ಎನ್‌ಕೋಡರ್ ಬಿಲ್ಲೆಯಲ್ಲಿ 20 ಕಿಂಡಿ. ಅಂದ್ರೆ ಒಂದು ಕಿಂಡಿ ದಾಟಿದರೆ 10 ಮಿ.ಮೀ. ಚಿಲ್ಲರೆ. ಕಿಂಡಿಯ ಎರಡೂ ಅಂಚು ಎಣಿಸಿದರೂ 5 ಮಿ.ಮೀ. ಈಗ ರಿಪೋರ್ಟ್‌ನಲ್ಲಿ "ರೋಬಾಟ್ 152.37 ಸೆಂ.ಮೀ. ಚಲಿಸಿತು" ಅಂತ ಬರೆದರೆ ಆ ದಶಾಂಶದ ಎರಡು ಅಂಕಿ ಎಲ್ಲಿಂದ ಬಂದವು? ಕ್ಯಾಲ್ಕುಲೇಟರ್‌ನಿಂದ. "152 ಸೆಂ.ಮೀ., ಒಂದು ಸೆಂ.ಮೀ. ಆಚೀಚೆ" ಅಂತ ಬರೆದರೆ ಅದು ಸತ್ಯ. ಚಕ್ರ ಮಣ್ಣಲ್ಲಿ ಜಾರಿದರೆ ಅದೂ ಸತ್ಯ ಅಲ್ಲ. ಹಾಗಾಗಿ ನೆಲದ ಮೇಲೆ ಟೇಪ್ ಹಿಡಿದು ಅಳೆದ ದೂರವನ್ನೂ ಪಕ್ಕದ ಕಾಲಂನಲ್ಲಿ ಕೊಡಬೇಕು.

ಮೂರನೇದು, ಪರೀಕ್ಷೆ ಮಾಡಿದಾಗಿನ ಪರಿಸ್ಥಿತಿ. ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್ ಎಲ್ಲರಿಗೂ ಗೊತ್ತು. ಶಬ್ದ ಹೋಗಿ ವಾಪಸ್ ಬರೋ ಸಮಯ ಅಳೆದು ದೂರ ಹೇಳುತ್ತೆ. ಕೋಡ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಅಂತ ಹಾಕಿರ್ತಾರೆ. ಅದು 20 ಡಿಗ್ರಿಯಲ್ಲಿ ಸರಿ. ಮರಾಠವಾಡದ ಮೇ ತಿಂಗಳಲ್ಲಿ, 40 ಡಿಗ್ರಿಯಲ್ಲಿ, ಆ ವೇಗ ಸುಮಾರು 355 ಆಗುತ್ತೆ. ಒಂದು ಮೀಟರ್ ದೂರದ ಗೋಡೆಯನ್ನ ಸೆನ್ಸರ್ ಸುಮಾರು 96.6 ಸೆಂ.ಮೀ. ಅಂತ ಹೇಳುತ್ತೆ. ಹೆಚ್ಚುಕಮ್ಮಿ ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ ಬರೀ ಸೆಕೆಗೆ! ಡಿಸೆಂಬರಿನಲ್ಲಿ ಸರಿಯಾಗಿದ್ದದ್ದು ಮೇನಲ್ಲಿ ಯಾಕೆ ಕೆಟ್ಟಿತು ಅಂತ ತಲೆ ಕೆಡಿಸಿಕೊಳ್ಳೋರು, ಟೇಬಲ್‌ನಲ್ಲಿ ಉಷ್ಣಾಂಶ ಅಂತ ಒಂದು ಕಾಲಂ ಇಟ್ಟಿದ್ದರೆ ಐದು ನಿಮಿಷದಲ್ಲಿ ಕಂಡುಹಿಡೀತಾರೆ. ಲೈನ್ ಫಾಲೋವರ್‌ನದ್ದೂ ಇದೇ ಕಥೆ. ಟ್ಯೂಬ್‌ಲೈಟ್ ಕೆಳಗೆ ಚೆನ್ನಾಗಿ ಓಡುತ್ತೆ, ಕಿಟಕಿ ಪಕ್ಕ ಬಿಸಿಲಿಗೆ ಬಂದಾಗ ದಾರಿ ತಪ್ಪುತ್ತೆ, ಯಾಕಂದ್ರೆ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ. ದಿನದ ಯಾವ ಹೊತ್ತು, ಒಳಗಾ ಹೊರಗಾ ಅಂತ ಬರೆದಿಟ್ಟರೆ ಸಾಕು.

ಅಳತೆಯ ಮಾನವನ್ನಂತೂ ಯಾವತ್ತೂ ಬಿಡಬಾರದು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಒಂದು ಕಡೆ ಪೌಂಡ್ ಲೆಕ್ಕ, ಇನ್ನೊಂದು ಕಡೆ ನ್ಯೂಟನ್ ಲೆಕ್ಕ ಹಿಡಿದದ್ದಕ್ಕೆ.

ಬ್ಯಾಟರಿ ಇಳಿದರೆ ಔಷಧಿ ಏರುತ್ತೆ

ಈ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ. ರಿಪೋರ್ಟ್‌ನಲ್ಲಿ ಒಂದು ಕಾಲಂ ಬಿಟ್ಟರೆ ಏನಾಗುತ್ತೆ ಅಂತ ಇದರಲ್ಲಿ ಕಾಣುತ್ತೆ.

ಎರಡು ಲಿಥಿಯಂ ಸೆಲ್‌ನ ಪ್ಯಾಕ್ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. ಓಡಿ ಓಡಿ 6.8ಕ್ಕೆ ಇಳಿಯಿತು ಅನ್ನಿ. ಮಧ್ಯೆ ಇರೋ ಎಲ್298ಎನ್ ಮೋಟರ್ ಡ್ರೈವರ್ ಸುಮಾರು 2 ವೋಲ್ಟ್ ತಾನೇ ತಿನ್ನುತ್ತೆ. ಅಂದ್ರೆ ಮೋಟರ್‌ಗೆ ಮೊದಲು ಸಿಕ್ಕಿದ್ದು 6.4, ಆಮೇಲೆ ಸಿಕ್ಕಿದ್ದು 4.8. ಕಾಲು ಭಾಗ ಕಡಿಮೆ. ಡಿಸಿ ಮೋಟರ್ ವೇಗ ಹೆಚ್ಚುಕಮ್ಮಿ ವೋಲ್ಟೇಜ್ ಜೊತೆಗೇ ಇಳಿಯುತ್ತೆ. ಹಾಗಾಗಿ ನಿಮಿಷಕ್ಕೆ 20 ಮೀಟರ್ ಹೋಗ್ತಿದ್ದ ರೋಬಾಟ್ ಈಗ 15 ಮೀಟರ್ ಹೋಗುತ್ತೆ.

ಪಂಪ್‌ಗೆ ಬೇರೆ ಬ್ಯಾಟರಿ ಇದ್ದು, ನಾಝಲ್‌ನಿಂದ ನಿಮಿಷಕ್ಕೆ 0.6 ಲೀಟರ್ ಬರ್ತಾನೇ ಇದೆ, ಒಂದು ಸಲಕ್ಕೆ 0.9 ಮೀಟರ್ ಅಗಲ ಹೊಡೆಯುತ್ತೆ ಅಂತಿಟ್ಕೊಳ್ಳಿ. ಒಂದು ಎಕರೆ 4,047 ಚದರ ಮೀಟರ್. 0.9ರಿಂದ ಭಾಗಿಸಿದರೆ ರೋಬಾಟ್ ನಡೀಬೇಕಾದ ದೂರ ಸುಮಾರು 4,500 ಮೀಟರ್. ನಿಮಿಷಕ್ಕೆ 20 ಮೀಟರ್ ಆದರೆ 225 ನಿಮಿಷ, 135 ಲೀಟರ್. ನಿಮಿಷಕ್ಕೆ 15 ಮೀಟರ್ ಆದರೆ 300 ನಿಮಿಷ, 180 ಲೀಟರ್.

ಅದೇ ಹೊಲ, ಅದೇ ರೋಬಾಟ್, ಮೂರನೇ ಒಂದು ಭಾಗ ಹೆಚ್ಚು ಔಷಧಿ. ಬ್ಯಾಟರಿ ಇಳಿದದ್ದಕ್ಕೆ. ಪ್ರತಿ ಓಟದ ಮೊದಲು ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದಿಟ್ಟಿದ್ದರೆ ಇದು ಟೇಬಲ್‌ನಲ್ಲೇ ಕಾಣುತ್ತಿತ್ತು. ಬರೆದಿಲ್ಲದಿದ್ದರೆ "ಕೆಲವೊಮ್ಮೆ ನಿಧಾನ ಓಡುತ್ತೆ" ಅನ್ನೋದಷ್ಟೇ ಉಳಿಯುತ್ತೆ. ಕಂಡಮೇಲೆ ಪರಿಹಾರವೂ ಸಿಗುತ್ತೆ: ಎನ್‌ಕೋಡರ್ ನೋಡಿ ವೇಗ ಹಿಡಿದಿಡೋ ಪಿಐಡಿ ನಿಯಂತ್ರಣ, ಅಥವಾ ವೇಗಕ್ಕೆ ತಕ್ಕ ಹಾಗೆ ಪಂಪ್ ನಿಯಂತ್ರಣ.

ಕೆಲಸ ಮಾಡದೇ ಇದ್ದದ್ದನ್ನ ಬರೆಯೋದು

ಮಕ್ಕಳಿಗೆ ಇದರ ಬಗ್ಗೆನೇ ಭಯ ಜಾಸ್ತಿ. "ಸೋತದ್ದು ಬರೆದರೆ ಮಾರ್ಕ್ಸ್ ಕಟ್ ಆಗಲ್ವಾ?" ಅಂತಾರೆ. ಅವರಿಗೆ ನಮ್ಮ ಇಸ್ರೋದ ಕಥೆ ಹೇಳಿ.

2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿತು. ಯಾಕೆ ಹಾಗಾಯ್ತು ಅನ್ನೋದನ್ನ ಆಗಿನ ಅಧ್ಯಕ್ಷ ಎಸ್. ಸೋಮನಾಥ್ 2023ರ ಜುಲೈನಲ್ಲಿ, ಚಂದ್ರಯಾನ-3 ಹಾರೋ ಸಮಯದಲ್ಲಿ, ಬಿಡಿಸಿ ಹೇಳಿದರು. ಐದು ಎಂಜಿನ್‌ಗಳ ನೂಕುಬಲ ಅಂದುಕೊಂಡದ್ದಕ್ಕಿಂತ ಹೆಚ್ಚಾಯ್ತು, ತಪ್ಪುಗಳು ಒಂದರ ಮೇಲೊಂದು ಸೇರಿಕೊಂಡವು. ಲ್ಯಾಂಡರ್ ಬೇಗ ತಿರುಗಬೇಕಾಗಿ ಬಂತು, ಆದರೆ ಸಾಫ್ಟ್‌ವೇರ್ ಅದಕ್ಕೆ ಮಿತಿ ಹಾಕಿತ್ತು. ಇಳಿಯೋಕೆ ಗುರುತಿಸಿದ್ದ ಜಾಗವೂ ಚಿಕ್ಕದು, 500 ಮೀಟರ್‌ಗೆ 500 ಮೀಟರ್.

ಈಗ ಚಂದ್ರಯಾನ-3ರಲ್ಲಿ ಏನು ಮಾಡಿದರು ನೋಡಿ. ಮಧ್ಯದ ಎಂಜಿನ್ ತೆಗೆದು ನಾಲ್ಕು ಮಾಡಿದರು. ಕಾಲುಗಳನ್ನ ಗಟ್ಟಿ ಮಾಡಿದರು. ಇಂಧನ ಹೆಚ್ಚಿಸಿದರು. ಇಳಿಯೋ ಜಾಗವನ್ನ 4 ಕಿ.ಮೀ.ಗೆ 2.5 ಕಿ.ಮೀ. ಮಾಡಿದರು. ಏನೇನು ಸೋಲಬಹುದು ಅಂತ ಪಟ್ಟಿ ಮಾಡಿ ಅದರ ಮೇಲೆ ವಿನ್ಯಾಸ ಮಾಡಿದರು. 2023ರ ಆಗಸ್ಟ್ 23ರ ಸಂಜೆ ಏನಾಯ್ತು ಅಂತ ನಾನು ಹೇಳಬೇಕಾಗಿಲ್ಲ, ಆಫೀಸ್ ಕಾನ್ಫರೆನ್ಸ್ ರೂಮಲ್ಲಿ ಸ್ಕ್ರೀನ್ ಹಾಕ್ಕೊಂಡು ನೀವೂ ನೋಡಿರ್ತೀರಿ.

ಮೊದಲನೇ ಸೋಲಿನ ಪ್ರತಿ ಅಂಶಕ್ಕೂ ಎರಡನೇದರಲ್ಲಿ ಒಂದು ಉತ್ತರ ಇದೆ. ಸೋಲನ್ನ ಅಂಶ ಅಂಶವಾಗಿ ಬರೆದಿಟ್ಟದ್ದರಿಂದಲೇ ಅದು ಸಾಧ್ಯ ಆಯ್ತು. ಕಾಲೇಜ್ ರಿಪೋರ್ಟ್‌ಗೂ ಇದೇ ಸಾಕು: ಏನಾಯ್ತು, ಎಷ್ಟು ಸಲ ಆಯ್ತು, ಕಾರಣ ಏನು ಅಂತ ನಮ್ಮ ಅಂದಾಜು, ಅಂದಾಜು ಸರಿನಾ ಅಂತ ಹೇಗೆ ನೋಡಿದೆವು, ಸಮಯ ಸಿಕ್ಕಿದ್ದರೆ ಏನು ಬದಲಿಸ್ತಿದ್ದೆವು. "ಮುಂದಿನ ಕೆಲಸ" ಅನ್ನೋ ಅಧ್ಯಾಯದಲ್ಲಿ "ಎಐ, ಐಓಟಿ ಸೇರಿಸಬಹುದು" ಅಂತ ಎಲ್ಲರೂ ಬರೀತಾರೆ. ಅದರ ಬದಲು "ಮುಂದಿನ ಚಕ್ರದ ಅಗಲ ಹೆಚ್ಚಿಸಿ ಬಿರುಕು ಬಿಟ್ಟ ಹೊಲದಲ್ಲಿ ಮತ್ತೆ 10 ಸಲ ಓಡಿಸಬೇಕು" ಅಂತಿದ್ದರೆ ಮುಂದಿನ ಬ್ಯಾಚ್ ಸೋಮವಾರವೇ ಕೆಲಸ ಶುರು ಮಾಡಬಹುದು.

ವಿನ್ಯಾಸ, ವೈರಿಂಗ್, ಕೋಡ್

ವಿನ್ಯಾಸದ ಅಧ್ಯಾಯದಲ್ಲಿ "ಆರ್ಡುಯಿನೊ ಅಂದರೇನು" ಬೇಡ. "ಆರ್ಡುಯಿನೊ ಯಾಕೆ, ರಾಸ್ಪ್‌ಬೆರಿ ಪೈ ಯಾಕಲ್ಲ" ಬೇಕು. ಸಾಲು ಗುರುತಿಸೋಕೆ ಅಲ್ಟ್ರಾಸಾನಿಕ್ ಹಾಕಿದ್ದರೆ, ಹತ್ತಿ ಎಲೆಯಂಥ ಮೆತ್ತಗಿನ, ಓರೆ ಇರೋ ಮೇಲ್ಮೈಯಿಂದ ಪ್ರತಿಧ್ವನಿ ಸರಿಯಾಗಿ ಬರುತ್ತಾ ಅಂತ ಯೋಚಿಸಿದ್ದು ಬೇಕು. ಕ್ಯಾಮೆರಾ ಬೇಡ ಅಂದದ್ದು ಹಣ ಇಲ್ಲದ್ದಕ್ಕೆ ಅಂದ್ರೆ ಹಾಗೇ ಬರೀಲಿ. ಅದೂ ಎಂಜಿನಿಯರಿಂಗ್ ಕಾರಣವೇ.

ಆಮೇಲೆ ಪಿನ್ ಟೇಬಲ್: ಯಾವ ಪಿನ್‌ನಿಂದ ಎಲ್ಲಿಗೆ, ವೈರ್ ಬಣ್ಣ ಯಾವುದು. ಸಾಮಾನಿನ ಪಟ್ಟಿ, ಕೊಂಡ ಬೆಲೆ ಜೊತೆಗೆ. ಇಪ್ಪತ್ತು ಪುಟ ಕೋಡ್ ಪ್ರಿಂಟ್ ಹಾಕೋ ಬದಲು ಗಿಟ್‌ಹಬ್‌ನಲ್ಲಿಟ್ಟು, ಫಲಿತಾಂಶ ಕೊಟ್ಟ ಕಮಿಟ್ ಯಾವುದು ಅಂತ ಬರೀಬೇಕು. ರಿಪೋರ್ಟ್ ಒಳಗೆ ಮುಖ್ಯ ಲೂಪ್‌ನ ಫ್ಲೋಚಾರ್ಟ್ ಒಂದು ಸಾಕು. ಇದು ನಿಮಗೆ ದಿನನಿತ್ಯದ ಕೆಲಸ, ಹೇಳಿಕೊಡೋಕೆ ಹತ್ತು ನಿಮಿಷ. ಕಾಲೇಜಿನಲ್ಲಿ ಇದನ್ನ ಹೇಳಿಕೊಡೋರು ಸಿಗೋದು ಕಷ್ಟ.

ನಾಲ್ಕು ಜನರಲ್ಲಿ ಯಾರು ಏನು ಮಾಡಿದರು ಅಂತ ಒಂದು ಪ್ಯಾರಾ ಇರಲಿ. ಬೆಸುಗೆ ಹಾಕಿದವನಿಗೂ, ಹೊಲದಲ್ಲಿ ಟೇಪ್ ಹಿಡಿದವಳಿಗೂ ಅದರಲ್ಲಿ ಹೆಸರು ಸಿಗಲಿ.

ಇಂಗ್ಲಿಷ್ ಅನ್ನೋ ಗೋಡೆ

ಸಿಲ್ಲೋಡ್ ಹುಡುಗರ ಮೊದಲ ಕರಡು ಓದಿದಾಗ ಅದರಲ್ಲಿ ಹೊಲದ ಸುದ್ದಿಯೇ ಇರಲಿಲ್ಲ. ಪುಟಗಟ್ಟಲೆ ನಯವಾದ ಇಂಗ್ಲಿಷ್, ಯಾವುದೋ ಹಳೇ ರಿಪೋರ್ಟಿಂದ ಬಂದದ್ದು. ಹೊಲದಲ್ಲಿ ಓಡಿಸಿಲ್ವಾ ಅಂತ ಕೇಳಿದೆ. ಒಬ್ಬ ಹುಡುಗ ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದ. ಪೂರ್ತಿ ಮರಾಠಿಯಲ್ಲಿ. ತಾರೀಖು, ಹೊತ್ತು, ಎಷ್ಟನೇ ಓಟ, ಪಕ್ಕದಲ್ಲಿ "ಚಾಕ ಅಡಕಲಂ" ಅಂತ. ಚಕ್ರ ಸಿಕ್ಕಿಕೊಂಡಿತು ಅಂತ ಅರ್ಥ. ಬ್ಯಾಟರಿ ಬದಲಿಸಿದ್ದು, ಅಪ್ಪನ ಹೊಲದಲ್ಲಿ ಯಾವ ಸಾಲಿನಲ್ಲಿ ಬಿರುಕು ಜಾಸ್ತಿ ಇತ್ತು ಅನ್ನೋದು, ಎಲ್ಲಾ ಇತ್ತು. "ಇದನ್ನ ಯಾಕಪ್ಪಾ ಹಾಕಿಲ್ಲ?" ಅಂದ್ರೆ, "ಸರ್, ಇದು ಇಂಗ್ಲಿಷ್‌ನಲ್ಲಿ ಇಲ್ಲ" ಅಂದ.

ನಮ್ಮ ಕನ್ನಡ ಮೀಡಿಯಂ ಮಕ್ಕಳ ಕಥೆಯೂ ಇದೇ. ಮಾಡಿದ ಕೆಲಸ ತಲೆಯಲ್ಲಿ ಕನ್ನಡದಲ್ಲಿರುತ್ತೆ, ಅದನ್ನ ಬರೆಯೋ ಇಂಗ್ಲಿಷ್ ಇಲ್ಲ ಅಂತ ಬೇರೆಯವರ ಇಂಗ್ಲಿಷ್ ತಂದು ಅಂಟಿಸ್ತಾರೆ. ಆಗ ಅವರ ಕೆಲಸ ಅದರ ಕೆಳಗೆ ಮುಚ್ಚಿಹೋಗುತ್ತೆ. ಸಿಕ್ಕಿಬಿದ್ದರೆ ಬೇರೆ ತೊಂದರೆ. ಥೀಸಿಸ್, ಸಂಶೋಧನಾ ಲೇಖನಗಳ ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲೇ ನಿಯಮ ಮಾಡಿದೆ, 10%ಗಿಂತ ಹೆಚ್ಚು ಹೋಲಿಕೆ ಕಂಡರೆ ಹಂತ ಹಂತವಾಗಿ ದಂಡನೆ ಇದೆ.

ನಾನು ಹೇಳೋ ದಾರಿ ಇದು. ಮೊದಲು ಕನ್ನಡದಲ್ಲೇ ಬರೀಲಿ, ಇಲ್ಲವೇ ಫೋನ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಲಿ. ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಲಿ. ಒಂದು ವಾಕ್ಯಕ್ಕೆ ಒಂದು ವಿಷಯ. ವ್ಯಾಕರಣ ತಿದ್ದೋಕೆ ಎಐ ಟೂಲ್ ಬಳಸಲಿ, ಕಾಲೇಜು ಒಪ್ಪಿದರೆ. ಆದರೆ "ಹತ್ತಿ ಸಿಂಪಡಿಸೋ ರೋಬಾಟ್ ಬಗ್ಗೆ ರಿಪೋರ್ಟ್ ಬರೆದುಕೊಡು" ಅಂತ ಅದನ್ನ ಕೇಳಿದರೆ, ಆ ಹೊಲದಲ್ಲಿ ಚಕ್ರ ಎಷ್ಟು ಸಲ ಸಿಕ್ಕಿಕೊಂಡಿತು ಅಂತ ಅದಕ್ಕೆ ಗೊತ್ತಿರಲ್ಲ. ಬಾಯಿಗೆ ಬಂದ ಅಂಕಿ ಕೊಡುತ್ತೆ. ಅದು ಸುಳ್ಳು ಅಂತ ವೈವಾದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತೆ.

ಆ ಹುಡುಗರು ನೋಟ್‌ಬುಕ್ ನೋಡಿಕೊಂಡು ಮೂರು ರಾತ್ರಿ ಕೂತು ಫಲಿತಾಂಶದ ಅಧ್ಯಾಯ ಮತ್ತೆ ಬರೆದರು. ಇಂಗ್ಲಿಷ್ ಒರಟಾಗಿತ್ತು. ವೈವಾದಲ್ಲಿ ಎಕ್ಸ್‌ಟರ್ನಲ್ ಆ ಟೇಬಲ್ ಹಿಡಿದೇ ಪ್ರಶ್ನೆ ಕೇಳಿದರಂತೆ. ನೋಟ್‌ಬುಕ್ ಬರೆದ ಹುಡುಗ ಪುಟ ನೋಡದೆ ಉತ್ತರ ಹೇಳಿದನಂತೆ.

ನೀವು ಮಾಡಬಹುದಾದದ್ದು

ಫೈಲ್ ಬಂದಾಗ ಸ್ಪೆಲಿಂಗ್‌ಗೆ ಕೈ ಹಾಕಬೇಡಿ. ಫೋನ್ ಮಾಡಿ ಐದು ಪ್ರಶ್ನೆ ಕೇಳಿ. ಎಷ್ಟು ಸಲ ಓಡಿಸಿದೆ? ಎಲ್ಲಿ ಓಡಿಸಿದೆ? ಯಾವಾಗ ಕೈ ಕೊಡ್ತು? ಯಾಕೆ ಅಂತ ನಿನಗೆ ಅನ್ಸುತ್ತೆ? ಇದನ್ನ ಓದಿ ಬೇರೆಯವರು ಮತ್ತೆ ಓಡಿಸಬಹುದಾ? ಅವರು ಹೇಳೋ ಉತ್ತರಗಳೇ ರಿಪೋರ್ಟ್‌ನ ಒಳ್ಳೇ ಅಧ್ಯಾಯ. "ಈಗ ಹೇಳಿದ್ದನ್ನೇ ಬರಿ" ಅನ್ನಿ. ನೀವು ಬರೆದುಕೊಡಬೇಡಿ. ರೆಡಿಮೇಡ್ ಪ್ರಾಜೆಕ್ಟ್ ಮಾರೋ ಅಂಗಡಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಆ ಕೆಲಸ ಮನೆಯವರಾಗಿ ನಾವು ಮಾಡೋದು ಬೇಡ.

ಇನ್ನೂ ಸಮಯ ಇರೋರಿಗೆ ಎರಡು ದಾರಿ ತೋರಿಸಿ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರೋ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ ನಡೆಸ್ತಿದೆ. ಕೊನೇ ವರ್ಷದ ಆಯ್ದ ಪ್ರಾಜೆಕ್ಟ್‌ಗಳಿಗೆ ಹಣ ಸಹಾಯ ಇದೆ, ಆಮೇಲೆ ರಾಜ್ಯಮಟ್ಟದ ಪ್ರದರ್ಶನವೂ ಇದೆ. ಐಐಟಿ ಬಾಂಬೆಯ ಇ-ಯಂತ್ರ ರೋಬಾಟಿಕ್ಸ್ ಸ್ಪರ್ಧೆಯಲ್ಲಿ ಕೆಲಸವನ್ನ ಹಂತ ಹಂತವಾಗಿ ಮುಗಿಸಿ, ಆಯಾ ಹಂತದಲ್ಲೇ ಕೋಡ್, ವಿಡಿಯೋ ಕಳಿಸಬೇಕು. ಬರೆಯೋದನ್ನ ಕೊನೇ ವಾರಕ್ಕೆ ಇಟ್ಕೊಳ್ಳೋ ಅಭ್ಯಾಸ ಅದರಲ್ಲಿ ತಾನಾಗೇ ಬಿಡುತ್ತೆ.

ಈ ವರ್ಷ ಪ್ರಾಜೆಕ್ಟ್ ಶುರು ಮಾಡ್ತಿರೋ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ನೂರು ಪುಟದ ಒಂದು ನೋಟ್‌ಬುಕ್ ಕೊಂಡ್ಕೊಳ್ಳೋಕೆ ಹೇಳಿ. ತಾರೀಖು, ಜಾಗ, ಉಷ್ಣಾಂಶ, ವೋಲ್ಟೇಜ್, ಏನಾಯ್ತು, ಇಷ್ಟು ಕಾಲಂ ಗೀಚಿಕೊಳ್ಳಲಿ. ಭಾಷೆ ಯಾವುದಾದರೂ ಆಗಲಿ. ಮುಂದಿನ ಏಪ್ರಿಲ್‌ನಲ್ಲಿ ನಿಮಗೆ ಬರೋ ಫೈಲ್ ಬೇರೆ ಥರ ಇರುತ್ತೆ.

ಮುಂದಿನ ವಿಡಿಯೋದಲ್ಲಿ ಆ ಪಿಐಡಿ ವಿಷಯವನ್ನ, ಲೆಕ್ಕಕ್ಕೆ ಹೆದರೋರಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ.